ಆಲೆಮನೆಯ ಹಾಯಿದೋಣಿ

“ಇದ್ಯಾವ ಕುದುರೇದು?” ಎಂದು ಕೇಳಿದಳು ಅಖ್ತರ್ ಬಾನು.

ಬಾಗಿಲಲ್ಲಿ ನಿಂತಿದ್ದ ಗಂಡಸು ತಲೆಯ ಮೇಲಿನ ಗಂಟನ್ನು ಜಗಲಿಗೆ ಇಳಿಸಿ ಬಿಚ್ಚಿದ್ದ. ಒಳಗಿದ್ದದ್ದು ಮಾಸಿದ ಬಿಳಿ ಟೆರಿಲಿನ್ ಬಟ್ಟೆ. ಮೂರು ಮೂಲೆ, ಮೂರಕ್ಕೂ ಹಿತ್ತಾಳೆಯ ಬಳೆ, ನಡುವೆ ಒಂದಾಳುದ್ದದ ಹರುಕು. ಕುಣಿಗಲ್ಲಿನ ಕುದುರೆಗಳಿಗೆ ಹೊದಿಕೆ ಹೊಲಿಯುವುದು ಅವಳ ಕಸುಬು. ದಪ್ಪ ಕ್ಯಾನ್ವಾಸಿಗೆ ಸೂಜಿ ಇಳಿಸಿ ಎಳೆಯಬಲ್ಲ ಕೈ ಆ ಊರಿನಲ್ಲಿ ಅವಳದೊಂದೇ. ಬೆನ್ನು ಯಾವ ಕಡೆ, ಬಾಲ ಯಾವ ಕಡೆ ಎಂದು ಅವಳು ಆ ಬಟ್ಟೆಯನ್ನು ಮೂರು ಸಲ ತಿರುಗಿಸಿ ನೋಡಿದಳು.

“ಕುದುರೇದಲ್ಲ. ದೋಣೀದು. ಹಾಯಿ ಅಂತಾರೆ. ಗಾಳಿ ಇದ್ರಲ್ಲಿ ತುಂಬ್ಕೊಂಡ್ರೆ ದೋಣಿ ಓಡ್ತದೆ. ಎಂಜಿನ್ ಇಲ್ಲ, ಹಾರ್ನ್ ಇಲ್ಲ.”

“ಮೇವೂ ಬೇಡ ಅನ್ನಿ,” ಎಂದಳು ಅವಳು. ತುಟಿಯ ಅಂಚಿಗೆ ಬಂದ ನಗೆಯನ್ನು ಸೆರಗಿನ ತುದಿ ಬಚ್ಚಿಟ್ಟುಕೊಂಡಿತು.

ಅವನಿಗೂ ನಗೆ ಬಂತು. ಹಾಯಿ ಕಟ್ಟುವ ಮರ ಎಷ್ಟೆತ್ತರ ಎಂದು ತೋರಿಸಲು ಬಲಗೈ ಮೇಲೆತ್ತಿದ. ಅಷ್ಟೇ, ಅಖ್ತರ್ ಬಾನು ಎರಡು ಹೆಜ್ಜೆ ಹಿಂದೆ ಸರಿದುಬಿಟ್ಟಿದ್ದಳು. ಎಡಭುಜ ಕಿವಿಯವರೆಗೆ ಏರಿತ್ತು, ಕಣ್ಣು ಗಟ್ಟಿಯಾಗಿ ಮುಚ್ಚಿತ್ತು. ಮತ್ತೆ ಕಣ್ಣು ಬಿಟ್ಟಾಗ ಆ ಕೈ, ಬೆದರಿದ ಕರುವಿನ ಎದುರು ಇಳಿಸುವ ಹಾಗೆ, ನಿಧಾನವಾಗಿ ಕೆಳಗಿಳಿಯುತ್ತಿತ್ತು. ಅವನು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು, ಹತ್ತೊಂಬತ್ತು ಅಡಿ ಎಂದು ಬಾಯಲ್ಲೇ ಹೇಳಿದ.

ಅವಳು ಆ ಕೆಲಸ ಒಪ್ಪಿಕೊಂಡದ್ದು ಆ ಬೆನ್ನ ಹಿಂದಿನ ಕೈಗಳಿಗಾಗಿ.

ಹತ್ತೊಂಬತ್ತನೆಯ ವಯಸ್ಸಿಗೆ ಅವಳನ್ನು ತುಮಕೂರಿಗೆ ಕೊಟ್ಟಿದ್ದರು. ಕೊಟ್ಟ ಮನೆಯ ಗಂಡ ಸಾರಿಗೆ ಉಪ್ಪು ಹೆಚ್ಚಾದರೆ ಹೊಡೆಯುತ್ತಿದ್ದ, ಕಡಿಮೆಯಾದರೂ ಹೊಡೆಯುತ್ತಿದ್ದ. ನಾಲ್ಕನೆಯ ವರ್ಷ ಲಟ್ಟಣಿಗೆಯಿಂದ ಹೊಡೆದ ಏಟಿಗೆ ಎಡಗಡೆಯ ಕೊರಳಮೂಳೆ ಎರಡು ತುಂಡಾಯಿತು. ತಾಯಿ ಜೈನಬ್ ಬೀಯ ಮನೆಗೆ ಮರಳಿ ತಲಾಖ್ ಪಡೆಯುವ ಹೊತ್ತಿಗೆ ಮೂಳೆ ಸೊಟ್ಟಗೆ ಕೂಡಿಕೊಂಡಿತ್ತು. ಅಂದಿನಿಂದ ಬಸ್ಸಿನ ಕಂಡಕ್ಟರು ಗಂಟೆಯ ಹಗ್ಗಕ್ಕೆ ಕೈ ಎತ್ತಿದರೂ ಅವಳ ಮೈ ಮುದುಡುತ್ತಿತ್ತು. ಮೇಲಿರುವವನು ಎಷ್ಟೋ ನೋವನ್ನು ಮನಸ್ಸಿನಿಂದ ಒರೆಸುತ್ತಾನೆ, ಅವನ ದಯೆ ದೊಡ್ಡದು. ಆದರೆ ಮೂಳೆಗೆ ಬೇರೆ ನೆನಪು ಇರುತ್ತದೆ.

ಬಂದವನ ಹೆಸರು ಮನ್ಸೂರ್ ಅಲಿ. ತುಮಕೂರಿನ ಶೆಟ್ಟಿಹಳ್ಳಿಯಲ್ಲಿ ಬಸ್ಸು ಲಾರಿಗಳ ಬಾಡಿ ತಟ್ಟುವ ಷೆಡ್ಡು ಅವನದು. ಬೆಳಗಿನಿಂದ ಸಂಜೆಯವರೆಗೆ ತಗಡಿನ ಮೇಲೆ ಸುತ್ತಿಗೆ. ಸುತ್ತಿಗೆ ಕೆಳಗಿಟ್ಟರೂ ಕಿವಿಯೊಳಗೆ ಅದರ ಸದ್ದು ನಿಲ್ಲುತ್ತಿರಲಿಲ್ಲ. ಚಿಕ್ಕವನಿದ್ದಾಗ ತಂದೆಯ ಜೊತೆ ಬೆಂಗಳೂರಿಗೆ ಹೋಗಿ, ಹಲಸೂರು ಕೆರೆಯ ಮೇಲೆ ಬಿಳಿಯ ದೋಣಿಗಳು ಒಂದಿಷ್ಟೂ ಸದ್ದಿಲ್ಲದೆ ಸರಿಯುವುದನ್ನು ಕಂಡಿದ್ದ. ಆ ಸದ್ದಿಲ್ಲದಿರುವಿಕೆ ಅವನ ಎದೆಯಲ್ಲಿ ಇಪ್ಪತ್ತು ವರ್ಷ ಕೂತಿತ್ತು. ಎಂಬತ್ತೊಂದನೇ ಇಸವಿಯ ಯುಗಾದಿಯ ಹೊತ್ತಿಗೆ, ನಿವೃತ್ತರಾದ ಒಬ್ಬ ಮಿಲಿಟರಿ ಆಫೀಸರರ ಜೀಪು ರಿಪೇರಿಗೆ ಹೋದಾಗ, ಅವರ ಹಿತ್ತಿಲಲ್ಲಿ ಅಂಥದೇ ದೋಣಿ ಬೋರಲಾಗಿ ಬಿದ್ದಿತ್ತು. ಕೆಳಗೆ ಕೋಳಿಗಳು ಮೊಟ್ಟೆಯಿಡುತ್ತಿದ್ದವು.

ಮನ್ಸೂರ್ ಮಂಡಿಯೂರಿ, ಮಡಕೆ ಕೊಳ್ಳುವವರು ತಟ್ಟಿ ನೋಡುವ ಹಾಗೆ, ಮೂತಿಯಿಂದ ಹಿಂಬದಿಯವರೆಗೆ ಬೆರಳ ಗೆಣ್ಣಿನಿಂದ ತಟ್ಟುತ್ತ ಹೋದ. ಫೈಬರ್ ಗಟ್ಟಿಯಿದ್ದಲ್ಲಿ ಟಣ್ ಎಂದಿತು. ಮೂರು ಕಡೆ ಬದ್ ಎಂದಿತು. ಅಲ್ಲಿ ಪದರ ಬಿಟ್ಟಿದೆ, ಒಳಗಿನ ಮರ ಕೊಳೆತಿದೆ ಎಂದು ಅರ್ಥ. ಇದು ಮುಳುಗುವ ದೋಣಿ ಎಂದು ಆಫೀಸರರೂ ಪ್ರಾಮಾಣಿಕವಾಗಿ ಹೇಳಿದರು. ಅವನು ಜೀಪಿನ ಕೆಲಸಕ್ಕೆ ಬದಲಾಗಿ ಅದನ್ನೇ ಕೇಳಿ ಪಡೆದು, ಹುಲ್ಲಿನ ಲಾರಿಯ ಮೇಲೆ ಕಟ್ಟಿಸಿಕೊಂಡು ಕುಣಿಗಲ್ಲಿಗೆ ತಂದ. ಆಷಾಢದಲ್ಲಿ ದೊಡ್ಡಕೆರೆಯ ಮೇಲೆ ಬೀಸುವಂಥ ಗಾಳಿ ಆ ಸೀಮೆಯಲ್ಲಿ ಇನ್ನೆಲ್ಲಿಯೂ ಇಲ್ಲ.

ಏರಿಯ ಕೆಳಗೆ ಏಕಾಂತಯ್ಯನ ಆಲೆಮನೆ ಇತ್ತು. ಕಬ್ಬಿನ ಕಾಲ ಮುಗಿದು ಖಾಲಿ ಬಿದ್ದಿತ್ತು. ಏಕಾಂತಯ್ಯ ಮಠಕ್ಕೆ ನಡೆದುಕೊಳ್ಳುವ ಹಿರಿಯ. ಹಣೆಯ ವಿಭೂತಿ ಮಾಸಿದರೂ ಮಾತು ಮಾಸದವನು. ದೋಣಿಯ ಸುತ್ತ ಒಂದು ಸುತ್ತು ಬಂದು, “ಅಲ್ಲಪ್ಪ ಸಾಬ, ಈ ದೊಡ್ಡ ಬಾನೀಲಿ ಯಾರಿಗೆ ಮುದ್ದೆ ತಿರುವ್ತೀಯ?” ಎಂದು ಕೇಳಿ, ನಗುತ್ತಲೇ ಬೀಗದ ಕೈ ಕೊಟ್ಟ.

ಹಾಯಿಯ ಅಳತೆ ಸರಿಯಾಗಿದೆಯೇ ಎಂದು ದೋಣಿಯ ಮೇಲೇ ಹಿಡಿದು ನೋಡಬೇಕಿತ್ತು. ಅದಕ್ಕಾಗಿ ಅಖ್ತರ್ ಬಾನು ವಾರಕ್ಕೆರಡು ಸಲ, ತಾಯಿಯನ್ನು ಕರೆದುಕೊಂಡು, ಆಲೆಮನೆಗೆ ಬರುತ್ತಿದ್ದಳು. ಜೈನಬ್ ಬೀ ಕಟ್ಟೆಯ ಮೇಲೆ ಏಕಾಂತಯ್ಯನೊಡನೆ ಮಂಡಿನೋವಿನ ಮಾತಿಗೆ ಕೂತರೆ ಏಳುತ್ತಿರಲಿಲ್ಲ. ಏಕಾಂತಯ್ಯನಿಗೂ ತಿಳಿಯಲಿ ಎಂದು ಎಲ್ಲರೂ ಕನ್ನಡದಲ್ಲೇ ಮಾತಾಡುತ್ತಿದ್ದರು. ಬರಬರುತ್ತ ಅಖ್ತರ್ ಬಾನು, ಮನ್ಸೂರರ ನಡುವೆಯೂ ಅದೇ ರೂಢಿಯಾಗಿ ನಿಂತಿತು. ಮನೆಮಾತಾದ ಉರ್ದು ಮನೆಯಲ್ಲೇ ಉಳಿಯಿತು. ಅದನ್ನು ಆಡುವಷ್ಟು ಹತ್ತಿರ ಇನ್ನೂ ಬಂದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು.

ದೋಣಿಯ ಹೊಟ್ಟೆಯ ತುಂಬ ಬೊಬ್ಬೆಗಳಿದ್ದವು. ಮನ್ಸೂರ್ ಒಂದೊಂದನ್ನೇ ಉಳಿಮೊನೆಯಿಂದ ಚುಚ್ಚಿದರೆ ಹುಳಿ ನಾತದ ನೀರು ಚಿಮ್ಮುತ್ತಿತ್ತು. ಚುಚ್ಚಿ, ಉಜ್ಜಿ, ತಿಂಗಳುಗಟ್ಟಲೆ ಒಣಗಿಸಬೇಕು, ಅವಸರ ಮಾಡಿ ಮುಚ್ಚಿದರೆ ಒಳಗಿನ ನೀರು ಮತ್ತೆ ಏಳುತ್ತದೆ ಎಂದು ಅವನು ಹೇಳುವಾಗ, ಅವಳಿಗೆ ಅದು ದೋಣಿಯ ಮಾತಾಗಿ ಕೇಳಲಿಲ್ಲ. ಉಜ್ಜಿದಾಗ ಫೈಬರಿನಿಂದ ಏಳುವ ಗಾಜಿನೆಳೆಯ ಧೂಳು ಅವನ ಮೈಯೆಲ್ಲ ತುರಿಸುತ್ತಿತ್ತು. ಅವಳು ಒಂದು ದಿನ ಕೊಬ್ಬರಿ ಎಣ್ಣೆಯ ಸೀಸೆ ತಂದು, ಕೆಲಸಕ್ಕೆ ಮುಂಚೆ ಕೈಗೆ ಹಚ್ಚಿಕೊಳ್ಳಿ ಎಂದು ಕಿಟಕಿಯಲ್ಲಿಟ್ಟಳು. ಮರುವಾರ ಬಂದಾಗ ಸೀಸೆಯ ಎಣ್ಣೆ ಬೆರಳಗಲ ಮಾತ್ರ ಇಳಿದಿತ್ತು.

“ಹಚ್ಕೊಳ್ಳಿಲ್ವಾ?”

“ಹಚ್ಕೊಂಡೆ. ಬೇಗ ಮುಗೀದಿರ್ಲಿ ಅಂತ ಸ್ವಲ್ಪ ಸ್ವಲ್ಪ.”

ಅವಳು ತಲೆ ಬಗ್ಗಿಸಿ ಸೂಜಿಗೆ ದಾರ ಪೋಣಿಸತೊಡಗಿದಳು. ದಾರ ನಾಲ್ಕು ಸಲ ತಪ್ಪಿತು.

ಫೈಬರ್ ಅಂಟಿಸುವ ರೆಸಿನ್ ಕಲಸುವುದನ್ನೂ ಅವಳು ನೋಡಿದಳು. ನೇರಳೆ ಬಣ್ಣದ ಕೋಬಾಲ್ಟು ಆಲೆಮನೆಯ ಈ ತುದಿಯ ಗೂಡಿನಲ್ಲಿ, ನೀರಿನಂತಿದ್ದ ಹಾರ್ಡ್‌ನರ್ ಆ ತುದಿಯಲ್ಲಿ. ಒಂದನ್ನು ರೆಸಿನ್ನಿಗೆ ಪೂರ್ತಿ ಕಲಸಿದ ಮೇಲೆಯೇ ಇನ್ನೊಂದನ್ನು ಹನಿ ಲೆಕ್ಕದಲ್ಲಿ ಬಿಡಬೇಕು. ಎರಡೂ ನೇರ ಒಂದಕ್ಕೊಂದು ಮುಟ್ಟಿದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಬೆಂಕಿ ಎಂದು ಅವನು ಹೇಳಿದ್ದ.

ಅವನ ಬೆರಳ ಗೆಣ್ಣುಗಳ ಮೇಲೆ ಬಿಳಿ ಗಾಯದ ಗುರುತುಗಳಿದ್ದವು. ಸುತ್ತಿಗೆಯ ಏಟೇ ಎಂದು ಅವಳು ಕೇಳಿದಳು. ಅವನು ಬಹಳ ಹೊತ್ತು ಬ್ರಷ್ ತೊಳೆದ.

“ಅಲ್ಲ. ಮನುಷ್ಯರ ಹಲ್ಲಿನ ಗುರುತು,” ಎಂದ. “ನನಗೆ ಕೈ ಮುಂದು. ಷೆಡ್ಡಲ್ಲಿ, ರಸ್ತೇಲಿ, ಎಲ್ಲಾ ಕಡೆ. ಬೇರೆಯವರ ಬಾಯಿಂದ ಕೇಳೋ ಮುಂಚೆ ನಾನೇ ಹೇಳಿಬಿಡ್ಬೇಕು ಅನ್ನಿಸ್ತು.”

ಅವಳು ಸೂಜಿ ಕೆಳಗಿಟ್ಟಳು. ಕೊರಳಮೂಳೆಯ ಕತೆಯನ್ನು ಹೆಚ್ಚಿಲ್ಲದೆ ಕಡಿಮೆಯಿಲ್ಲದೆ ಹೇಳಿದಳು. ಆಮೇಲೆ ಅಂದಳು: “ನಿಮ್ಮ ಮನಸ್ಸಲ್ಲಿ ಏನಿದೆ ಅಂತ ನಂಗೊತ್ತು. ನನ್ನ ಮನಸ್ಸಲ್ಲೂ ಅದೇ ಇದೆ. ಆದ್ರೆ ನಿಮ್ಮ ಕೈ ಯಾರ ಮೇಲೇ ಆಗ್ಲಿ ಎದ್ದ ದಿನ, ನಾನು ಇಲ್ಲ.”

ಅವನು ಆಣೆ ಇಡಲಿಲ್ಲ. ಆಣೆ ಇಟ್ಟು ಮುರಿದವರನ್ನು ಬೇಕಾದಷ್ಟು ಕಂಡಿದ್ದೇನೆ, ನೀವು ನೋಡುತ್ತ ಇರಿ ಎಂದಷ್ಟೇ ಹೇಳಿದ. ಆಮೇಲೆ, ಎಲ್ಲವನ್ನೂ ಹೇಳಿ ಮುಗಿಸುವ ಹುಮ್ಮಸ್ಸಿನಲ್ಲಿ, ಕೊನೆಯ ಜಗಳದ ಕತೆಯನ್ನೂ ಹೇಳಿದ. ಎರಡು ವರ್ಷದ ಹಿಂದೆ, ಗುಬ್ಬಿ ಸ್ಟೇಷನ್ನು, ಪ್ಯಾಸೆಂಜರ್ ಗಾಡಿ. ಕಿಟಕಿಯಿಂದ ತೂರಿ ಸೀಟಿನ ಮೇಲೆ ಹಾಕಿದ್ದ ಅವನ ಟವೆಲ್ಲನ್ನು ಯಾರೋ ತೆಗೆದು ಕೆಳಗೆಸೆದು ಕೂತುಬಿಟ್ಟಿದ್ದ. ಎರಡು ಮಾತು, ಮೂರನೆಯದಕ್ಕೆ ಮುಷ್ಟಿ. ಆ ಮನುಷ್ಯನ ಮುಂದಿನ ಎರಡು ಹಲ್ಲು ಪ್ಲಾಟ್‌ಫಾರ್ಮಿನ ಮೇಲೆ ಬಿದ್ದವು.

ಅಖ್ತರ್ ಬಾನು ಹಾಯಿಯನ್ನು ಪಕ್ಕಕ್ಕೆ ಸರಿಸಿ ಎದ್ದಳು. ಅವಳ ಅಣ್ಣ ನೂರ್ ಅಹಮದ್ ಗುಬ್ಬಿಯಲ್ಲಿ ಮರ ಕುಯ್ಯುವ ಮಿಲ್ಲಿನಲ್ಲಿದ್ದ. ಅವನಿಗೆ ಮುಂದಿನ ಎರಡು ಹಲ್ಲುಗಳಿರಲಿಲ್ಲ. ಕೊರಳಮೂಳೆ ಮುರಿದ ದಿನ ತುಮಕೂರಿಗೆ ಓಡಿಬಂದು, ಗಂಡನನ್ನು ಬೀದಿಗೆ ಎಳೆದು ತದುಕಿ ತಂಗಿಯನ್ನು ಹೆಗಲ ಮೇಲೆ ಹೊತ್ತು ತಂದವನು ಅವನೇ.

ಅವಳಿಂದ ವಿಷಯ ತಿಳಿದ ಮನ್ಸೂರ್ ಮಾರನೆಯ ದಿನವೇ ಗುಬ್ಬಿಗೆ ಹೋದ. ಮಿಲ್ಲಿನ ಅಂಗಳದಲ್ಲಿ, ಎಲ್ಲರ ಎದುರು, ತಪ್ಪಾಯಿತು ಎಂದ. ನಿಮ್ಮ ತಂಗಿಯನ್ನು ನಿಕಾಹ್ ಮಾಡಿಕೊಳ್ಳಬೇಕೆಂದಿದ್ದೇನೆ ಎಂದೂ ಹೇಳಿದ. ನೂರ್ ಅಹಮದ್ ಕೈಗೆ ಸಿಕ್ಕ ಮರದ ರೀಪಿನಿಂದ ಅವನ ತಲೆಗೆ ಹೊಡೆದ. ರೀಪು ಮುರಿಯಿತು, ಮತ್ತೊಂದು ತೆಗೆದುಕೊಂಡ. ಕೂಲಿಯವರು ಬಿಡಿಸುವ ಹೊತ್ತಿಗೆ ಮನ್ಸೂರನ ಅಂಗಿ ಕಾಲರಿನಿಂದ ಸೊಂಟದವರೆಗೆ ಕೆಂಪಾಗಿತ್ತು. ಅವನು ಕೈ ಎತ್ತಲಿಲ್ಲ. ಏಳು ಹೊಲಿಗೆ ಹಾಕಿಸಿಕೊಂಡು ಬಂದು, ಮೂರನೆಯ ದಿನ ಮತ್ತೆ ರೆಸಿನ್ ಕಲಸುತ್ತಿದ್ದ.

ಅದರ ಮರುವಾರ, ಬುಧವಾರದ ಮಧ್ಯಾಹ್ನ. ಹೊಲಿದು ಮುಗಿಸಿದ ಹಾಯಿಯನ್ನು ತಲೆಯ ಮೇಲಿಟ್ಟುಕೊಂಡು ಅಖ್ತರ್ ಬಾನು ಏರಿಯ ಮೇಲೆ ಬರುತ್ತಿದ್ದಳು. ತಾಯಿ ಬಹಳ ಹಿಂದಿದ್ದಳು. ಕೆಳಗಿನಿಂದ ಕೊಡಲಿಯ ಸದ್ದು ಕೇಳಿತು. ಮರ ಕಡಿಯುವ ಸದ್ದಲ್ಲ, ದೊಡ್ಡ ಪ್ರಾಣಿಯ ಪಕ್ಕೆಲುಬು ಸೀಳುವಂಥ ಸದ್ದು. ಹಾಯಿ ಎಲ್ಲಿ ಬಿತ್ತೋ ಅವಳಿಗೆ ತಿಳಿಯಲಿಲ್ಲ. ಓಡಿದಳು.

ಬಾಗಿಲಿಗೆ ಬಂದಾಗ ದೋಣಿಯ ಹೊಟ್ಟೆಯಲ್ಲಿ ಮೂರು ಸೀಳು ಬಾಯ್ದೆರೆದಿದ್ದವು. ಕೊಡಲಿ ನಾಲ್ಕನೆಯದರಲ್ಲಿ ಸಿಕ್ಕಿಕೊಂಡು ನಿಂತಿತ್ತು. ನೂರ್ ಅಹಮದ್ ಅವಳಿಗೆ ಬೆನ್ನು ಮಾಡಿ ಬಗ್ಗಿದ್ದ. ಅವಳು ನೋಡುತ್ತಿದ್ದ ಹಾಗೆಯೇ ಮನ್ಸೂರ್ ಅಲಿ ಗೋಡೆಯ ಬದಿಯಿಂದ ಹಾರಿದ. ಅವನ ಬಲಗೈ ಮೇಲೆದ್ದು, ಮುಷ್ಟಿಯಾಗಿ, ಪೂರ್ತಿ ಬಲದಿಂದ ಅವಳ ಅಣ್ಣನ ದವಡೆಗೆ ಬಿತ್ತು. ಮೂಳೆ ಮುರಿದ ಸದ್ದು ಅವಳಿಗೆ ಗೊತ್ತಿತ್ತು. ಅದು ಅದೇ ಸದ್ದು.

ಮುಂದಿನದನ್ನು ಅವಳು ಮಾಡಿದಳೋ ಅವಳ ಕೈ ಮಾಡಿತೋ. ಬಾಗಿಲಿಗೆ ಒರಗಿಸಿದ್ದ ದೋಣಿಯ ಹುಟ್ಟನ್ನು ಎತ್ತಿ, ಬೀಸಿ, ಮನ್ಸೂರನ ಬೆನ್ನಿಗೆ ಹೊಡೆದಳು. ಅವನು ಮುಗ್ಗರಿಸಿ ನೂರ್ ಅಹಮದನ ಮೇಲೆಯೇ ಬಿದ್ದ. ಪಕ್ಕದಲ್ಲಿದ್ದ ತಗಡಿನ ಬಕೆಟ್ಟಿನಿಂದ ಬುಸ್ಸೆಂದು ಹೊಗೆ ಎದ್ದಿತು. ಮರುಕ್ಷಣ ಬಕೆಟ್ಟು ಸಿಡಿಯಿತು. ಬೆಂಕಿ ಮಾಡು ಮುಟ್ಟಿತು. ಕೆಳಗಿದ್ದವನ ಮುಖವನ್ನು ಮೇಲಿದ್ದವನು ತನ್ನ ಎಡತೋಳಿನಿಂದ ಮುಚ್ಚಿದ್ದ. ಆ ತೋಳು ಉರಿಯುತ್ತಿತ್ತು.

ಸದ್ದು ಕೇಳಿ ಓಡಿಬಂದ ಏಕಾಂತಯ್ಯ ಶಿವಶಿವಾ ಎನ್ನುತ್ತ ಮಂಕರಿಯಲ್ಲಿ ಮರಳು ಸುರಿದ. ಅವಳು ಬೊಗಸೆಬೊಗಸೆಯಾಗಿ ಸುರಿದಳು. ದೋಣಿಗೆ ಹಬ್ಬುವ ಮುಂಚೆ ಬೆಂಕಿ ಆರಿತು. ಇಬ್ಬರನ್ನೂ ಒಂದೇ ಲಾರಿಯಲ್ಲಿ, ಹುಲ್ಲಿನ ಮೇಲೆ ಮಲಗಿಸಿ ತುಮಕೂರಿನ ದೊಡ್ಡಾಸ್ಪತ್ರೆಗೆ ಸಾಗಿಸಿದರು. ಅವಳು ನಡುವೆ ಕೂತಿದ್ದಳು. ಗೂಳೂರು ದಾಟುವಾಗ ಮನ್ಸೂರ್ ಕಣ್ಣು ಬಿಟ್ಟು, “ಕೈ ಎತ್ಬಿಟ್ಟೆ,” ಎಂದ. ಅವಳು ರಸ್ತೆಯ ಕಡೆ ಮುಖ ತಿರುಗಿಸಿದಳು.

ಜಗಳದಲ್ಲಿ ಕಾಲು ತಗುಲಿ ಬಕೆಟ್ಟು ಉರುಳಿರಬೇಕು ಎಂದೇ ಅವಳು ತಿಳಿದಿದ್ದಳು. ಮನ್ಸೂರ್ ಬೇರೇನೂ ಹೇಳಲಿಲ್ಲ. ಗಾಯಕ್ಕೆ ಕಟ್ಟು ಹಾಕಿಸಿಕೊಂಡು ಶೆಟ್ಟಿಹಳ್ಳಿಗೆ ಹೋದವನು ಏಕಾಂತಯ್ಯನ ಮೂಲಕ ಒಂದೇ ಒಂದು ಮಾತು ಕಳಿಸಿದ. ದೋಣಿ ಅವಳದು, ಬೇಕಾದರೆ ಕೋಳಿಗೆ ಕೊಡಲಿ. ಮಾತಿಗೆ ತಪ್ಪಿದವನು ಕುಣಿಗಲ್ಲಿಗೆ ಕಾಲಿಡುವುದಿಲ್ಲ.

ನೂರ್ ಅಹಮದನ ದವಡೆಯನ್ನು ಡಾಕ್ಟರು ತಂತಿ ಹಾಕಿ ಬಿಗಿದಿದ್ದರು. ನಲವತ್ತು ದಿನ ಬಾಯಿ ತೆರೆಯುವಂತಿರಲಿಲ್ಲ. ಗುಬ್ಬಿ ಸ್ಟೇಷನ್ನಿನಲ್ಲಿ ಹೋದ ಎರಡು ಹಲ್ಲಿನ ಸಂದಿಯಿಂದಲೇ ಜೈನಬ್ ಬೀ ಮಗನಿಗೆ ರಾಗಿ ಅಂಬಲಿ ಕುಡಿಸಿದಳು. ಒಬ್ಬನೇ ಮನುಷ್ಯನ ಒಂದು ಏಟು ಬಾಯಿ ಮುಚ್ಚಿಸಿತ್ತು, ಇನ್ನೊಂದು ಏಟು ಅನ್ನದ ದಾರಿ ಬಿಟ್ಟಿತ್ತು. ಮೇಲಿರುವವನ ಲೀಲೆಯನ್ನು ಲೆಕ್ಕ ಹಾಕುವವರು ಯಾರು. ಸನ್ನೆ ಮಾಡಿ ಹೇಳಬಹುದಾಗಿದ್ದರೂ ನೂರ್ ಅಹಮದ್ ಏನನ್ನೂ ಹೇಳಲಿಲ್ಲ. ಗೋಡೆಗೆ ಮುಖ ಮಾಡಿ ಮಲಗಿರುತ್ತಿದ್ದ. ಅಖ್ತರ್ ಬಾನು ಹೊಲಿಯುತ್ತಿದ್ದಳು. ರಾತ್ರಿ ಇಶಾ ನಮಾಜಿನಲ್ಲಿ ಕೈ ಎತ್ತಿ ಬೇಡುವಾಗ ಏನು ಬೇಡಬೇಕೆಂದು ತಿಳಿಯದೆ ಕೈಗಳನ್ನೇ ನೋಡುತ್ತಿದ್ದಳು. ಆ ಕೈಗಳೇ ಅಲ್ಲವೇ ಹುಟ್ಟು ಬೀಸಿದ್ದು.

ತಂತಿ ತೆಗೆದ ದಿನ ನೂರ್ ಅಹಮದ್ ಆಡಿದ ಮೊದಲ ಮಾತು ತಂಗಿಗೆ.

“ಬಾನು, ಅವನದು ತಪ್ಪಿಲ್ಲ ಕಣೇ. ಕೊಡಲಿ ಹಾಕೋವಾಗ ಕೈ ಹಿಂದೆ ಕಟ್ಕೊಂಡು ನಿಂತಿದ್ದ. ಹೊಡಿಯೋ ಅಂದೆ, ಹೊಡೀಲಿಲ್ಲ. ನಂಗೆ ಇನ್ನೂ ರೋಷ ಬಂತು. ಸಾಮಾನೆಲ್ಲ ಹಾಳು ಮಾಡ್ಬೇಕು ಅಂತ ಆ ಎರಡು ಬಾಟ್ಲೀನೂ ಬಕೆಟ್ಗೆ ಸುರೀತಿದ್ದೆ. ಬೇಡ ಬೇಡ ಅಂತ ಕೂಗ್ದ. ನಾನು ಕೇಳ್ಲಿಲ್ಲ. ಅವನು ಹೊಡೀದೆ ಇದ್ದಿದ್ರೆ ನನ್ನ ಮುಖ ಇವತ್ತು ಇರ್ತಿರ್ಲಿಲ್ಲ.”

“ಇಷ್ಟು ದಿನ ಯಾಕೆ ಹೇಳ್ಲಿಲ್ಲ?”

“ನಾಚ್ಕೆ ಆಯ್ತು,” ಎಂದು ಆ ದೊಡ್ಡ ಗಂಡಸು ಅತ್ತುಬಿಟ್ಟ.

ಮಾರನೆಯ ದಿನ ಅಣ್ಣ ತಂಗಿ ತುಮಕೂರಿನ ಬಸ್ಸು ಹತ್ತಿದರು. ಶೆಟ್ಟಿಹಳ್ಳಿಯ ಷೆಡ್ಡಿನಲ್ಲಿ ಸುತ್ತಿಗೆಯ ಸದ್ದಿರಲಿಲ್ಲ. ಮನ್ಸೂರ್ ಒಂದು ಮಡ್‌ಗಾರ್ಡನ್ನು ತೊಡೆಯ ಮೇಲಿಟ್ಟುಕೊಂಡು ಸುಮ್ಮನೆ ಕೂತಿದ್ದ. ಎಡತೋಳಿನ ಚರ್ಮ ಮೊಣಕೈವರೆಗೆ ಸುಕ್ಕಾಗಿ ಹೊಳೆಯುತ್ತಿತ್ತು. ನೂರ್ ಅಹಮದ್ ಒಳಗೆ ಬಂದು, ಅವನ ಭುಜ ಮುಟ್ಟಿ, ಹೊರಗೆ ಹೋಗಿ ನಿಂತ.

ಅಣ್ಣ ಎಲ್ಲ ಹೇಳಿದ ಎಂದಳು ಅಖ್ತರ್ ಬಾನು. ಅವನು ಮಡ್‌ಗಾರ್ಡನ್ನು ಕೆಳಗಿಟ್ಟ.

“ಎಲ್ಲ ಅವರಿಗೂ ಗೊತ್ತಿಲ್ಲ. ಉಳಿಸೋಕೆ ಅಂತಾನೇ ಹೊಡೆದೆ, ಅದು ನಿಜ. ಆದ್ರೆ ಏಟು ಬಿದ್ದಾಗ ಕೈಗೆ ಹಿತ ಆಯ್ತು. ತಲೇಗೆ ಬಿದ್ದ ರೀಪು, ಕಣ್ಣೆದುರು ಸೀಳಿದ ದೋಣಿ, ಎಲ್ಲ ಆ ಮುಷ್ಟೀಲಿತ್ತು. ತಳ್ಳಬಹುದಿತ್ತು. ತಳ್ಳಲಿಲ್ಲ, ಹೊಡೆದೆ. ಅದನ್ನ ಮುಚ್ಚಿಟ್ಟು ನಿಮ್ಮನ್ನ ಕೇಳೋಕೆ ನಂಗಾಗಲ್ಲ.”

ಹೊರಗೆ ಲಾರಿಯೊಂದು ಹಾದುಹೋಯಿತು. ಅವಳು ಅವನೆದುರು ಕೂತಳು.

“ನಂಗೂ ಆಯ್ತು,” ಎಂದಳು. “ಹುಟ್ಟು ನಿಮ್ಮ ಬೆನ್ನಿಗೆ ಬಿದ್ದಾಗ. ನಾಲ್ಕು ವರ್ಷದ ಏಟೆಲ್ಲ ವಾಪಸ್ ಕೊಟ್ಟ ಹಾಗೆ ಆಯ್ತು. ಕೊಟ್ಟಿದ್ದು ಮಾತ್ರ ಬೇರೆಯವ್ರಿಗೆ. ಆ ಏಟು ಬೀಳದೆ ಇದ್ದಿದ್ರೆ ನಿಮ್ಮ ತೋಳು ಸುಡ್ತಿರ್ಲಿಲ್ಲ.”

ಅವನು ತಲೆ ಎತ್ತಿ ಅವಳನ್ನು ನೋಡಿದ. ನೋಡಿದ ಕಣ್ಣಿನ ಮೂಲೆಯಲ್ಲಿ, ಬಹಳ ದಿನಗಳ ಮೇಲೆ, ನಗೆಯ ಒಂದು ಎಳೆ ಕಾಣಿಸಿತು.

“ನಿಮ್ಮ ಮನೇಲಿ ಎಲ್ರದೂ ಕೈ ಜೋರು. ಅಮ್ಮಿ ಒಬ್ರು ಬಾಕಿ ಇದಾರೆ.”

ಅವಳು ನಕ್ಕಳು. ನಗುತ್ತಲೇ ಅವಳ ಕಣ್ಣಲ್ಲಿ ನೀರು ತುಂಬಿತು. ಮೊದಲ ಬಾರಿಗೆ ಮನೆಮಾತಿನಲ್ಲಿ, ಮೆಲ್ಲಗೆ, ಹಾಯಿ ಹರಿಯದೆ ಹಾಗೇ ಇದೆ, ಬನ್ನಿ ಎಂದಳು.

ಸೀಳುಗಳನ್ನು ಮುಚ್ಚುವುದಕ್ಕೆ ಇಪ್ಪತ್ತು ದಿನ ಹಿಡಿಯಿತು. ಮನ್ಸೂರ್ ಪದರದ ಮೇಲೆ ಪದರವಾಗಿ ಗಾಜಿನೆಳೆಯ ಮ್ಯಾಟು ಕೂಡಿಸಿದ. ಕೊಳೆತುಹೋಗಿದ್ದ ಹಿಂಬದಿಯ ಹಲಗೆಯ ಬದಲಿಗೆ ನೂರ್ ಅಹಮದ್ ಗುಬ್ಬಿಯಿಂದ ಹೊನ್ನೆಯ ಹಲಗೆ ಕುಯ್ದು ತಂದ. ಕೊಡಲಿ ಬಿದ್ದಲ್ಲಿ ಬೆರಳ ಗೆಣ್ಣಿನಿಂದ ತಟ್ಟಿ ನೋಡಿದರೆ ಬೇರೆ ಕಡೆಗಿಂತ ಗಟ್ಟಿಯಾದ ಸದ್ದು ಬಂತು. ಆದರೂ ಗುರುತು ಉಳಿಯಿತು. ಬಣ್ಣ ಬಳಿದು ಅದನ್ನು ಮುಚ್ಚುವುದು ಬೇಡ ಎಂದು ಅಖ್ತರ್ ಬಾನು ಹೇಳಿದಳು.

ಶ್ರಾವಣ ಮುಗಿಯುತ್ತಿದ್ದ ಒಂದು ಗುರುವಾರದ ಬೆಳಿಗ್ಗೆ ದೋಣಿಯನ್ನು ನೀರಿಗಿಳಿಸಿದರು. ಏಕಾಂತಯ್ಯ ಅದರ ಮೂತಿಗೆ ವಿಭೂತಿ ಹಚ್ಚಿದ, ಜೈನಬ್ ಬೀ ಬಿಸ್ಮಿಲ್ಲಾ ಹೇಳಿದಳು. ಇಬ್ಬರೂ ಏರಿಯ ಮೇಲೆ ನಿಂತು, ಮುಳುಗಿದರೆ ಯಾರು ಈಜಬೇಕು ಎಂದು ಚರ್ಚೆ ಮಾಡುತ್ತಿದ್ದರು. ನೂರ್ ಅಹಮದ್ ಸೊಂಟದ ಮಟ್ಟದ ನೀರಿನಲ್ಲಿ ನಿಂತು, ಮನ್ಸೂರನೂ ಅಖ್ತರ್ ಬಾನುವೂ ಕೂತಿದ್ದ ದೋಣಿಯನ್ನು ತಳ್ಳಿದ.

ಗಾಳಿ ಹಾಯಿಯನ್ನು ತುಂಬಿತು. ಹೊಲಿಗೆ ಬಿಗಿಯಿತು, ಬಿಡಲಿಲ್ಲ. ಅಖ್ತರ್ ಬಾನು ತನ್ನ ಹೊಲಿಗೆಯ ಸಾಲನ್ನೇ ನೋಡುತ್ತಿದ್ದಳು. ಕೆರೆಯ ನಡುವೆ ಯಾವ ಸದ್ದೂ ಇರಲಿಲ್ಲ. ದೋಣಿಯ ಪಕ್ಕೆಯನ್ನು ನೀರು ಸವರುವುದು ಮಾತ್ರ, ಜಪಮಣಿ ಸರಿಯುವ ಹಾಗೆ, ಕೇಳುತ್ತಿತ್ತು.

ತೂಬಿನ ಕಡೆಯಿಂದ ಗಾಳಿ ಹಠಾತ್ತನೆ ತಿರುಗಿತು. ಹಾಯಿಯ ಕೆಳಗಿನ ಅಡ್ಡಗೋಲು ಒಂದು ಬದಿಯಿಂದ ಇನ್ನೊಂದಕ್ಕೆ ಬೀಸಿ ಬಂತು. ಮನ್ಸೂರನ ಸುಟ್ಟ ಕೈ ಚಕ್ಕನೆ ಅವಳ ತಲೆಯ ಮೇಲೆ ಎದ್ದಿತು, ಗೋಲನ್ನು ತಡೆದು ಅತ್ತ ದಾಟಿಸಿತು. ಗೋಲು ಹಾದುಹೋದ ಮೇಲೆ ಅವನು ಹೆದರಿ ಅವಳ ಮುಖ ನೋಡಿದ. ಅವಳು ಕೂತಲ್ಲೇ ಕೂತಿದ್ದಳು. ಭುಜ ಏರಿರಲಿಲ್ಲ. ಕಣ್ಣು ತೆರೆದೇ ಇತ್ತು.

“ಏನು ಹಾಗೆ ನೋಡ್ತೀರ?” ಎಂದಳು.

“ಏನಿಲ್ಲ.”

ಅವಳಿಗೂ ಆಗಲೇ ಅದು ತಿಳಿದದ್ದು. ಅವನ ಕೈ ಇನ್ನೂ ಅವಳ ತಲೆಯ ಮೇಲೆ, ಇಳಿಸಬೇಕೋ ಬೇಡವೋ ಎಂದು ನಿಂತಿತ್ತು. ಅವಳು ಕೈ ಚಾಚಿ ಅದನ್ನು ಹಿಡಿದು, ಸೊಟ್ಟಗೆ ಕೂಡಿದ ತನ್ನ ಕೊರಳಮೂಳೆಯ ಮೇಲೆ ಇಟ್ಟುಕೊಂಡಳು.

“ನಾಳೆ ಜುಮ್ಮಾ ಮುಗಿಸ್ಕೊಂಡು ಮನೆಗೆ ಬನ್ನಿ,” ಎಂದಳು. “ಅಮ್ಮಿನ ಕೇಳಿ.”